ನರ ಅಂದರೆ ಯಾವ ನರ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಕ್ಕಿಆಲೂರಿನ ಮಲ್ಲೇಶಪ್ಪನವರು ನಮ್ಮಲ್ಲಿಗೆ ಮೊದಲು ಬಂದ ದಿನ ಮಳೆ ಇತ್ತೆಂದು ನನ್ನ ನೆನಪು. ಅಂದಿನ ನನ್ನ ದಿನಚರಿಯಲ್ಲಿ ಮಳೆಯ ಸುದ್ದಿಯೇ ಇಲ್ಲ. "ವಿಪರೀತ ಸೆಕೆ, ಫ್ಯಾನು ಕೆಟ್ಟಿದೆ" ಎಂದಿದೆ. ಆದರೂ ಅವರ ಹೆಗಲ ಮೇಲಿನ ಒದ್ದೆ ಟವೆಲ್ಲು ಕಣ್ಣ ಮುಂದೆಯೇ ಇದೆ. ಬಹುಶಃ ಬೆವರಿನಿಂದ ಒದ್ದೆಯಾಗಿತ್ತು. ನೆನಪಿಗೂ ಬರೆದದ್ದಕ್ಕೂ ತಕರಾರು ಬಂದಲ್ಲಿ ಎರಡನ್ನೂ ಹೇಳುತ್ತೇನೆ. ಜನ ಆಡಿದ ಮಾತಿನ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಧೈರ್ಯವಿದೆ. ಮಾತು ಕೇಳಿಸಿಕೊಳ್ಳುವುದೇ ನನ್ನ ಕೆಲಸವಾಗಿತ್ತು.

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮೂತ್ರರೋಗ ವಿಭಾಗದಲ್ಲಿ ಸಿಸ್ಟರ್ ಆಗಿದ್ದೆ. ವಾರಕ್ಕೊಮ್ಮೆ ನಮ್ಮ ವ್ಯಾನು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಹೀಗೆ ಸರದಿಯ ಮೇಲೆ ಹೊರಡುತ್ತಿತ್ತು. ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ದೊಡ್ಡ ಡಾಕ್ಟರು ಕುಳಿತು ರೋಗಿಗಳನ್ನು ನೋಡುತ್ತಿದ್ದರು. ಅವರು ಹೇಳಿ ಮುಗಿಸಿದ್ದನ್ನು ಹೊರಗಿನ ಬೆಂಚಿನ ಮೇಲೆ ಕೂತು ಮತ್ತೊಮ್ಮೆ ಹೇಳುವುದು ನನ್ನ ಪಾಲಿನ ಕೆಲಸ. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು, ಅದಕ್ಕೇ ನಾನು ಈ ವಿಭಾಗ ಆರಿಸಿಕೊಂಡೆ ಎಂದು ನಿವೃತ್ತಿಯ ದಿನ ಯಾರೋ ಭಾಷಣ ಮಾಡಿದರು. ಕೇಳಲು ಚೆನ್ನಾಗಿತ್ತು. ನಿಜ ಏನೆಂದರೆ ಆಗ ಅಲ್ಲಿ ಜಾಗ ಖಾಲಿ ಇತ್ತು. ಅಥವಾ ಎರಡೂ ನಿಜವೋ ಏನೋ, ಈಗ ಬೇರೆ ಮಾಡಿ ನೋಡಲು ಬರುವುದಿಲ್ಲ.

ಅಪ್ಪನ ಸಂಗತಿ ಇಷ್ಟು. ಸವಣೂರಿನ ಮನೆಯಲ್ಲಿ ಅವರಿಗೆ ಬಹಳ ಕಾಲ ಸೊಂಟನೋವು ಇತ್ತು. ಎಣ್ಣೆ ತಿಕ್ಕಿದೆವು, ಬೆಲ್ಟು ಕಟ್ಟಿದೆವು, ಹಾಸಿಗೆ ಬದಲಿಸಿದೆವು. ಅದು ಸೊಂಟದ ನೋವಲ್ಲ, ಪ್ರಾಸ್ಟೇಟಿನಿಂದ ಎಲುಬಿಗೆ ಬಂದು ಕೂತಿದೆ ಎಂದು ತಿಳಿಯುವ ಹೊತ್ತಿಗೆ ಆಪರೇಶನ್ ಮಾಡಿ ತೆಗೆಯುವ ಮಾತೇ ಉಳಿದಿರಲಿಲ್ಲ. ಆ ಮನೆಯಲ್ಲಿ ಈಗ ನನ್ನ ಅಣ್ಣ ಶೇಷಗಿರಿ ಇದ್ದಾನೆ. ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ ನನಗಿಂತ ಮೊದಲೇ ನಿವೃತ್ತನಾದವನು. ತಂದೆಗೆ ಬಂದಿದ್ದರೆ ಮಗನಿಗೆ ಬರುವ ಸಂಭವ ಹೆಚ್ಚು, ಅಂಥವರು ಡಾಕ್ಟರ ಸಲಹೆ ಕೇಳಿ ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಇದನ್ನು ನಾನು ನಾಲ್ಕೂ ತಾಲೂಕಿನ ಗಂಡಸರಿಗೆ ಹೇಳಿದ್ದೇನೆ. ಅಣ್ಣನಿಗೂ ಹೇಳಿದ್ದೇನೆ. ಅದು ಆಮೇಲೆ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆ ಮೊದಲ ಮಾತು: ಈ ಬೇನೆಯ ಹೆಸರು ಹಿಡಿದು ಯಾರೂ ಬರುವುದಿಲ್ಲ. "ಸಕ್ಕರಿ ಐತೇನ ನೋಡ್ರಿ" ಎಂದು ಬರುತ್ತಾರೆ. "ನಮ್ಮ ದೋಸ್ತ ಒಬ್ಬ ಅದಾನ್ರೀ, ಅವಗ ನೀರಿನ ತ್ರಾಸ" ಎಂದು ಬರುತ್ತಾರೆ. ಆ ದೋಸ್ತ ಎದುರಿಗೇ ಕೂತಿರುತ್ತಾನೆ. ನಮ್ಮ ದೊಡ್ಡ ಡಾಕ್ಟರು ಮೈಸೂರು ಕಡೆಯವರು. ರೋಗಿ ಒಳಗೆ ಬರುತ್ತ "ಆರಾಮ ರೀ" ಎಂದರೆ, "ಆರಾಮಿದ್ರೆ ಇಲ್ಲಿಗ್ಯಾಕೆ ಬಂದ್ರಿ" ಎನ್ನುತ್ತಿದ್ದರು. ನಮ್ಮ ಕಡೆ ಅದು ನಮಸ್ಕಾರದ ಬದಲಿಗೆ ಆಡುವ ಮಾತು ಎಂದು ಅವರಿಗೆ ತಿಳಿಯಲು ವರ್ಷಗಳೇ ಹಿಡಿದವು.

ಮೊದಲೆಲ್ಲ ಪ್ರಾಸ್ಟೇಟ್ ಎಂಬ ಈ ಗ್ರಂಥಿ ತೆಗೆಯಲು ಹೊಕ್ಕುಳ ಕೆಳಗೆ ಉದ್ದಕ್ಕೆ ಕೊಯ್ಯುತ್ತಿದ್ದರು. ರಕ್ತ ಕೊಡಲು ಬೀಗರು ಬಿಜ್ಜರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡಿರುತ್ತಿದ್ದೆವು. ಆ ಕಾಲದ ವೈದ್ಯರು ಕೆಟ್ಟದ್ದು ಮಾಡಿದರೆಂದು ಯಾರೂ ತಿಳಿಯಬಾರದು. ಅವರ ಕೈಯಲ್ಲಿ ಗುಣವಾದವರು ಈಗಲೂ ಹಾನಗಲ್ಲ ಸಂತೆಯಲ್ಲಿ ಕೈಚೀಲ ಹಿಡಿದು ಎದುರಾಗುತ್ತಾರೆ. ಆದರೆ ಸಣ್ಣ ಲಿಂಬಿಕಾಯಿ ಗಾತ್ರದ ಆ ಗ್ರಂಥಿ ಇರುವ ಜಾಗ ಬಹಳ ಇಕ್ಕಟ್ಟಿನದು. ಮೇಲೆ ಮೂತ್ರದ ಚೀಲ, ಸುತ್ತ ಎಲುಬು, ಎರಡು ಬದಿಗೆ ಜೇಡರ ಬಲೆಯ ಎಳೆಯಂಥ ನರಗಳು. ಗಂಡಸಿನ ದಾಂಪತ್ಯದ ಶಕ್ತಿ ಆ ಎಳೆಗಳ ಮೇಲೆ ನಿಂತಿರುತ್ತದೆ, ಮೂತ್ರ ಹಿಡಿದಿಡುವುದಕ್ಕೂ ಅವುಗಳ ನೆರವು ಬೇಕು. ರಕ್ತ ತುಂಬಿ ಬಂದಾಗ ಕಣ್ಣಿಗಿಂತ ಬೆರಳಿನ ಅಂದಾಜಿನಿಂದಲೇ ಕೆಲಸ ಸಾಗಬೇಕಾಗುತ್ತಿತ್ತು.

ಆಮೇಲೆ ರೋಬೋಟ್ ಬಂತು. ಹೆಸರು ಕೇಳಿ ನಾನೂ ಮನುಷ್ಯಾಕೃತಿ ಏನಾದರೂ ನಡೆದು ಬರುತ್ತದೆಂದುಕೊಂಡಿದ್ದೆ. ಬಂದದ್ದು ನಾಲ್ಕು ತೋಳಿನ ಕಂಬ. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ತೊಡಿಸುವುದನ್ನು ಕಲಿಯುವಾಗ, ಮೊಮ್ಮಗುವಿಗೆ ಅಂಗಿ ಹಾಕಿದಷ್ಟು ಒದ್ದಾಡಿದ್ದೇವೆ. ಹೊಟ್ಟೆಯ ಮೇಲೆ ಕೆಲವು ಸಣ್ಣ ತೂತು, ಅವುಗಳ ಮೂಲಕ ಕ್ಯಾಮೆರಾ ಮತ್ತು ಬೆರಳಿನ ಗಿಣ್ಣಿನಂತೆ ಎಲ್ಲ ಕಡೆಗೂ ತಿರುಗುವ ಸಲಕರಣೆ. ಡಾಕ್ಟರು ಅದೇ ಕೋಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆಯೊಳಗೆ ಮುಖವಿಟ್ಟು ಕೂತು ಕೈ ಆಡಿಸಿದಂತೆ ಅಲ್ಲಿ ಒಳಗೆ ಸಲಕರಣೆ ಆಡುತ್ತದೆ. ಕೈನಡುಕ ಒಳಗೆ ದಾಟುವುದಿಲ್ಲ. ಕಾಣುವುದೆಲ್ಲ ಹಲವು ಪಟ್ಟು ದೊಡ್ಡದಾಗಿ, ಆಳ ಸಮೇತ ಕಾಣುತ್ತದೆ. ದುಂಡಸಿಯ ಒಬ್ಬ ಹಿರಿಯರು ಇದನ್ನೆಲ್ಲ ಕೇಳಿ, "ನಡುವ ಕರೆಂಟ್ ಹೋದ್ರ ಹೆಂಗ್ರೀ ಬಾಯಾರ?" ಎಂದರು. ನಾನು ನಗಲಿಲ್ಲ. ಬ್ಯಾಟರಿ ಇದೆ, ಜನರೇಟರ್ ಇದೆ, ಎಲ್ಲ ಕೈಕೊಟ್ಟರೂ ಡಾಕ್ಟರ ಸ್ವಂತ ಕೈ ಅಲ್ಲೇ ಇರುತ್ತದೆ ಎಂದೆ. ಕರೆಂಟಿನ ಪ್ರಶ್ನೆಗೆ ಉತ್ತರ ಸಿದ್ಧವಿತ್ತು. ಮಲ್ಲೇಶಪ್ಪನವರ ಪ್ರಶ್ನೆಗೆ ಇರಲಿಲ್ಲ, ಏಕೆಂದರೆ ಅವರು ಅದನ್ನು ಮೊದಲಿಗೆ ಕೇಳಲೇ ಇಲ್ಲ.

ಮಲ್ಲೇಶಪ್ಪನವರಿಗೆ ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿ. ಅರವತ್ತು ದಾಟಿದ, ಗಟ್ಟಿ ಆಳು. ಶುಭ್ರ ಬಿಳಿ ಧೋತರ, ಭತ್ತದ ಧೂಳಿನ ನಡುವೆ ಇದ್ದೂ ಅದು ಹೇಗೆ ಬೆಳ್ಳಗಿರುತ್ತಿತ್ತೋ ಅವರ ಹೆಂಡತಿ ನೀಲವ್ವನಿಗೇ ಗೊತ್ತು. ಪರೀಕ್ಷೆಗಳೆಲ್ಲ ಮುಗಿದು ಕ್ಯಾನ್ಸರ್ ಇದೆ, ಆದರೆ ಗ್ರಂಥಿ ಬಿಟ್ಟು ಹೊರಗೆ ಹೋಗಿಲ್ಲ ಎಂದು ತಿಳಿದ ದಿನ ಡಾಕ್ಟರು ಅವರನ್ನು ಹಾನಗಲ್ಲಿನ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿದರು:

"ಗಡ್ಡೆ ಇನ್ನೂ ಒಳಗೇ ಇದೆ, ಅದೇ ಒಳ್ಳೆ ಸುದ್ದಿ. ರೇಡಿಯೇಷನ್ ಕೂಡ ಒಂದು ದಾರಿ. ನಿಮ್ಮ ವಯಸ್ಸು, ಆರೋಗ್ಯ ನೋಡಿದ್ರೆ ಆಪರೇಷನ್ ಮಾಡೋಣ ಅನ್ಸುತ್ತೆ. ರೋಬೋಟ್‌ನಲ್ಲಿ ಮಾಡಿದ್ರೆ ನರ ಉಳಿಸೋಕೆ ಅನುಕೂಲ. ಆದ್ರೂ ಒಂದು ಕಡೆ ನರ ಕಟ್ ಮಾಡಬೇಕಾಗಿ ಬರಬಹುದು."

ಮಲ್ಲೇಶಪ್ಪನವರು ನೆಲ ನೋಡಿದರು. "ಹೂಂ ರೀ" ಎಂದರು. ಆಪರೇಶನ್ನಿಗೆ ದಿನ ನಿಗದಿಯಾಯಿತು. ಆ ದಿನ ಅವರು ಬರಲಿಲ್ಲ. ಹಾಸಿದ ಮಂಚ ಹಾಗೇ ಇತ್ತು. ಫೋನ್ ಮಾಡಿದರೆ "ಸುಗ್ಗಿ ಐತಿ" ಎಂದರು.

"ಏನು ಸಿಸ್ಟರ್, ಹೊರಗಡೆ ಕೂತು ಹೆದರಿಸಿಬಿಟ್ರಾ?" ಎಂದರು ಡಾಕ್ಟರು ನನಗೆ.

ಮುಂದಿನ ಸಲ ಹಾನಗಲ್ಲಿಗೆ ಹೋದಾಗ ನೀಲವ್ವ ಒಬ್ಬರೇ ಬಂದು ಬೆಂಚಿನ ತುದಿಗೆ ಕೂತಿದ್ದರು. ಮೊಣಕಾಲು ನೋವು ಎಂದರು. ಇದು ಮೊಣಕಾಲಿನ ಡಾಕ್ಟರಲ್ಲ ಎಂದೆ. "ಗೊತ್ತೈತ್ರೀ" ಎಂದರು. ಆಮೇಲೆ ಸೆರಗು ಬಾಯಿಗೆ ಹಿಡಿದು ಕೇಳಿದರು:

"ಬಾಯಾರ, ಒಂದ ಮಾತು. ನಮ್ಮವು ಮೂರು ಮಕ್ಕಳು. ಮೊಮ್ಮಕ್ಕಳೂ ಸಾಲೀಗೆ ಹೊಂಟಾವ. ನನಗ ಮುಟ್ಟು ನಿಂತು ಯಾವ ಕಾಲ ಆತು. ಇನ್ನ ಮುದುಕಗ ನರ ಕಟ್ ಮಾಡಿ ಯಾವ ಪುರುಷಾರ್ಥಕ್ಕರೀ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಗು ಬಂತು.

"ನೀವ ನಗ್ತೀರಿ" ಎಂದರು ನೀಲವ್ವ. "ಅಲ್ಲೆ ಗಿರಣ್ಯಾಗ ಹಮಾಲರೂ ನಗಾಕತ್ತಾರ. ನಮ್ಮ ಮನ್ಯಾರು ಸುಮ್ನಿರದ ಒಬ್ಬ ದೋಸ್ತನ್ನ ಕೇಳ್ಯಾರ. ಅಂವ ಅಂದ್ನಂತ, ನನಗೂ ಕ್ಯಾಂಪಿನ್ಯಾಗ ಮಾಡಿದ್ರಲೇ, ಸಂಜೀಕ ನಡಕೋತ ಮನೀಗೆ ಬಂದೆ, ನೀ ಹುಬ್ಬಳ್ಳಿಗೆ ಯಾಕ ಹೊಂಟಿ ಅಂತ."

ನಮ್ಮ ಕಡೆ ಗಂಡಸಿಗೆ 'ನರ ಕಟ್ ಮಾಡುವುದು' ಎಂದರೆ ಒಂದೇ ಅರ್ಥ, ಮಕ್ಕಳಾಗದ ಹಾಗೆ ಮಾಡುವ ಆಪರೇಶನ್ನು. ಮೈಸೂರು ಕಡೆ ಏನನ್ನುತ್ತಾರೋ ನಾನು ವಿಚಾರಿಸಿಲ್ಲ. ಕ್ಯಾನ್ಸರ್ ಎಂಬ ಮಾತನ್ನು ಮಲ್ಲೇಶಪ್ಪನವರು ಕೇಳಿಸಿಕೊಂಡಿದ್ದರು, ಆದರೆ ಅದರ ಹಿಂದೆಯೇ ಬಂದ 'ನರ ಕಟ್' ಅದನ್ನು ನುಂಗಿಬಿಟ್ಟಿತ್ತು. ಈ ಡಾಕ್ಟರಿಗೆ ಬೇನೆ ಯಾವುದು, ಔಷಧ ಯಾವುದು ಗೊತ್ತಿಲ್ಲ ಎಂದು ಅವರು ತೀರ್ಮಾನಿಸಿದ್ದರು.

ನೀಲವ್ವನಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, "ಅವರಿಗೆ ನೀವ ಬಂದ ಹೇಳ್ರಿ. ನಾ ಹೇಳಿದ್ರ ಅಡಗಿ ಮನೀ ಮಾತು ಆಗತೈತಿ" ಎಂದರು.

ಡಾಕ್ಟರು ಒಪ್ಪಲಿಲ್ಲ. "ನಾವು ಮನೆಮನೆಗೆ ಹೋಗಿ ಆಪರೇಷನ್ ಮಾರೋರಲ್ಲ ಸಿಸ್ಟರ್" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಹಿರೇಕೆರೂರಿನ ಒಬ್ಬರಿಗೆ, ಕ್ಯಾನ್ಸರ್ ಬಹಳ ಮಂದಗತಿಯದು, ಈಗೇನೂ ಮಾಡುವುದು ಬೇಡ, ಆಗಾಗ ಬಂದು ಪರೀಕ್ಷೆ ಮಾಡಿಸಿಕೊಳ್ಳಿ ಸಾಕು ಎಂದು ಹೇಳಿ ಕಳಿಸಿದ್ದ ಮನುಷ್ಯ ಅವರು. ಆದರೆ ಮಲ್ಲೇಶಪ್ಪನವರ ಗಡ್ಡೆ ಕಾಯುವ ಜಾತಿಯದಲ್ಲ ಎಂದು ಹೇಳಿದ್ದೂ ಅವರೇ.

"ಮಾರೂದಿಲ್ಲ ಸರ್" ಎಂದೆ. "ಒಂದು ಶಬ್ದ ತಿದ್ದಿ ಬರ್ತೇನಿ. ಆಮ್ಯಾಲೆ ಅವರು ಬ್ಯಾಡ ಅಂದ್ರ ಬ್ಯಾಡ."

ವ್ಯಾನು ಅಕ್ಕಿಆಲೂರಿನ ಕಡೆ ತಿರುಗಿತು. ವ್ಯಾನಿನಲ್ಲೇ ಇರುತ್ತೇನೆಂದಿದ್ದ ಡಾಕ್ಟರು ಗಿರಣಿಯ ಸಪ್ಪಳ ಕೇಳಿ ಇಳಿದು ಬಂದರು. ಮಲ್ಲೇಶಪ್ಪನವರಿಗೆ ಗಾಬರಿಯೂ ಆಯಿತು, ನಾಚಿಕೆಯೂ ಆಯಿತು. "ಬರ್ರಿ, ಕುಂದರ್ರಿ" ಎಂದು ಚೀಲಗಳ ಮೇಲೆ ಟವೆಲ್ಲು ಹಾಸಿದರು. ಸಪ್ಪಳದಲ್ಲಿ ಮಾತು ಕೇಳದು. ಗಿರಣಿ ನಿಲ್ಲಿಸಲು ಅವರಿಗೆ ಮನಸ್ಸಿಲ್ಲ, ನಿಲ್ಲಿಸಿದರೆ ಹಮಾಲರಿಗೆ ಕೇಳಿಸುತ್ತದೆ. ಆ ಗದ್ದಲದಲ್ಲಿ ನಾನು ಅವರ ಕಿವಿಯ ಹತ್ತಿರ ಕೂಗಿ ಹೇಳಿದೆ: ಇದು ಆ ನರ ಅಲ್ಲ, ಇದು ಬೇರೆ, ಗಂಟು ತೆಗೆಯುವಾಗ ಅದಕ್ಕೆ ಅಂಟಿಕೊಂಡಿರುವ ನರ, ಅದನ್ನು ಕಡಿಯುವುದಕ್ಕಲ್ಲ, ಆದಷ್ಟು ಉಳಿಸುವುದಕ್ಕೇ ಆ ಮಷಿನ್ನು.

ಮಲ್ಲೇಶಪ್ಪನವರು ನನ್ನ ಕಿವಿಯ ಹತ್ತಿರ ಬಾಗಿದರು. "ಮತ್ತ ಆ ಮಷಿನ್ನಿಗೆ ಹೆಂಗ ಗೊತ್ತಾಗತೈತ್ರೀ, ಎಲ್ಲಿ ಮಟ ತೆಗೀಬೇಕು ಅಂತ?"

ಮುಂದಿನದನ್ನು ಡಾಕ್ಟರು ಒಂದು ಬಗೆ ಹೇಳುತ್ತಾರೆ, ನನ್ನ ನೆನಪು ಇನ್ನೊಂದು ಬಗೆ. ಗಿರಣಿಯ ಹೋಲಿಕೆ ತಮಗೇ ಹೊಳೆಯಿತು ಎನ್ನುತ್ತಾರೆ ಡಾಕ್ಟರು. ನನಗೆ ನೆನಪಿರುವಂತೆ, ಅವರು ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲರ್ ನೋಡುತ್ತ ನಿಂತು, ಇದನ್ನ ಯಾರು ನಡೆಸ್ತಾರೆ ಎಂದರು ಅಷ್ಟೇ.

"ನಾನ ರೀ" ಎಂದರು ಮಲ್ಲೇಶಪ್ಪ. "ಮೊದಲಿನ ಮಷಿನ್ನಿಗೆ ಅಕ್ಕಿ ಒಡದು ಅರ್ಧ ನುಚ್ಚ ಆಗ್ತಿತ್ತು. ಇದು ಹಂಗಲ್ಲ. ಆದ್ರ ಎರಡೂ ರೋಲರಿನ ನಡುವಿನ ಸಂದು ನಾನ ಹಿಡೀಬೇಕು. ಬಿಗಿ ಆದ್ರ ನುಚ್ಚು. ಸಡ್ಲ ಆದ್ರ ಭತ್ತ ಭತ್ತಾನ ಉಳೀತೈತಿ."

"ನಮ್ದೂ ಅಷ್ಟೇ" ಎಂದರು ಡಾಕ್ಟರು. "ಮಷೀನು ತಾನಾಗಿ ಏನೂ ಮಾಡಲ್ಲ, ಕೂತು ನಡೆಸೋನು ನಾನೇ. ಗಡ್ಡೆ ನರಕ್ಕೆ ತೀರಾ ಅಂಟಿದ್ರೆ ಅಲ್ಲಿ ನರದ ಆಸೆ ಬಿಡ್ಬೇಕಾಗುತ್ತೆ. ಆಸೆಗೆ ಬಿದ್ರೆ ರೋಗ ಉಳಿಯುತ್ತೆ."

"ಭತ್ತ ಉಳದಂಗ" ಎಂದರು ಮಲ್ಲೇಶಪ್ಪ.

ಡಾಕ್ಟರು ವ್ಯಾನಿನ ಕಡೆ ಹೋದ ಮೇಲೆ ಅವರು ನನ್ನನ್ನು ತಡೆದು, ತಲೆ ತಗ್ಗಿಸಿ, ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ ಕೇಳಿದರು: "ಬಾಯಾರ, ಆಮ್ಯಾಲೆ ಬಿಳೇ ಧೋತರ ಉಡಾಕ ಬರತೈತೇನ್ರೀ?"

ರಟ್ಟೀಹಳ್ಳಿಯ ಅವರ ಪರಿಚಯದ ವ್ಯಾಪಾರಿಯೊಬ್ಬರು ಹಿಂದೆ ಇದೇ ಆಪರೇಶನ್ನು ಹೊಟ್ಟೆ ತೆರೆದು ಮಾಡಿಸಿಕೊಂಡವರು. ಜೀವ ಉಳಿಯಿತು. ಆದರೆ ಮೂತ್ರ ಸೋರುವುದು ನಿಲ್ಲಲಿಲ್ಲ. ಧೋತರ ಬಿಟ್ಟು ಕಪ್ಪು ಲುಂಗಿಗೆ ಬಂದರು. ನಾಲ್ಕು ಜನರ ನಡುವೆ ಕೂರುವುದನ್ನೇ ಬಿಟ್ಟರು.

ಹುಡುಗಿಯರೇ, ಇಂಥಲ್ಲಿ ಸಮಾಧಾನಕ್ಕೆಂದು ಸುಳ್ಳು ಹೇಳಬೇಡಿರಿ. ಕೆಲವು ವಾರ, ಬಹುಶಃ ಕೆಲವು ತಿಂಗಳು ಒಳಗೆ ಪ್ಯಾಡ್ ಇಟ್ಟುಕೊಳ್ಳಬೇಕಾಗುತ್ತದೆ, ಮೂತ್ರ ತಡೆಯುವ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ದಿನಾ ಮಾಡಬೇಕಾಗುತ್ತದೆ, ಹೆಚ್ಚಿನವರಿಗೆ ನಿಂತುಹೋಗುತ್ತದೆ, ನರ ಉಳಿದರೆ ಬೇಗ ನಿಲ್ಲುವ ಸಾಧ್ಯತೆ ಇದೆ, ಆದರೆ ವಚನ ಕೊಡಲು ಬರುವುದಿಲ್ಲ ಎಂದೆ. ಗಂಡಹೆಂಡಿರ ವಿಷಯವನ್ನು ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೂ ಉತ್ತರ ಹೇಳುವುದನ್ನು ಅಷ್ಟರಲ್ಲಿ ಕಲಿತಿದ್ದೆ. ಗೋಡೆಯ ಕಡೆ ನೋಡುತ್ತ ಹೇಳಿದೆ: ಅದೂ ನಿಧಾನಕ್ಕೆ ಬರಬಹುದು, ಪೂರ್ತಿ ಬರದಿದ್ದರೆ ಔಷಧವಿದೆ. ಅವರೂ ಗೋಡೆಯ ಕಡೆ ನೋಡುತ್ತ ಕೇಳಿಸಿಕೊಂಡರು. ಅಪ್ಪನ ಸೊಂಟನೋವಿನ ಕಥೆಯನ್ನೂ ಅವತ್ತೇ ಹೇಳಿದೆನೆಂದು ಕಾಣುತ್ತದೆ, ಏಕೆಂದರೆ ಮುಂದೆ ಅವರು ಅದನ್ನು ಮರೆಯಲಿಲ್ಲ.

ಎರಡನೆಯ ಸಲ ನಿಗದಿಯಾದ ದಿನ ಮಲ್ಲೇಶಪ್ಪನವರು ತಪ್ಪದೆ ಬಂದರು. ಆಪರೇಶನ್ ನಡೆಯುವಾಗ ನೀಲವ್ವ ಹೊರಗಿನ ಕುರ್ಚಿಯಲ್ಲಿ ಕೂತು ನಾನು ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಡಾಕ್ಟರು ಒಳಗ ಅದಾರಿಲ್ಲೋ?" ಅದಾರ ಎಂದರೆ ನಂಬಿಕೆ ಇಲ್ಲ. ಮೂಲೆಯಲ್ಲಿ ಕೂತು ನಡೆಸುತ್ತಾರೆ, ಕಾಲಿನ ಕೆಳಗೆ ಒತ್ತುವ ಗುಂಡಿಗಳಿವೆ, ಅವು ಸರಿಯಾಗಿ ತಿಳಿಯಲೆಂದು ಚಪ್ಪಲಿ ಕಳಚಿ ಕೂರುತ್ತಾರೆ ಎಂದೆ.

"ಚಪ್ಪಲಿ ಬಿಟ್ಟ ಕೂಡ್ತಾರ?"

"ಹೌದ್ರೀ."

"ಹಂಗಾರ ಆತ ಬಿಡ್ರಿ" ಎಂದು ಅವರು ಮೊದಲ ಸಲ ಬೆನ್ನು ಕುರ್ಚಿಗೆ ಆನಿಸಿದರು. ಇಷ್ಟು ದಿನ ನಾನು ಹೇಳಿದ್ದೆಲ್ಲದಕ್ಕಿಂತ ಆ ಚಪ್ಪಲಿಯ ಮಾತು ಅವರಿಗೆ ಸರಿಯೆನ್ನಿಸಿತು.

ಒಂದು ಬದಿಯ ನರ ಪೂರ್ತಿ ಉಳಿಯಿತು, ಇನ್ನೊಂದು ಬದಿಯದು ಅರ್ಧಮರ್ಧ. ತೆಗೆದ ಗಂಟಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ ಎಂದು ವರದಿ ಬಂತು. ರಕ್ತ ಕೊಡಲೆಂದು ಬಂದಿದ್ದ ಅಳಿಯ ಕೆಲಸವಿಲ್ಲದೆ ಚಹಾ ಕುಡಿದು ಹೋದ. ಮರುದಿನ ಬೆಳಗ್ಗೆ ಮಲ್ಲೇಶಪ್ಪನವರು ಮೂತ್ರದ ಪೈಪಿನ ಚೀಲವನ್ನು ಕೈಯಲ್ಲಿ ಹಿಡಿದು ಸಂತೆಗೆ ಹೊರಟವರಂತೆ ವಾರ್ಡಿನಲ್ಲಿ ನಡೆದರು. ಹಳೆಯ ಪದ್ಧತಿಯಲ್ಲಿ ಆ ಹೊತ್ತಿಗೆ ಮಗ್ಗುಲಾಗಲೂ ಇಬ್ಬರು ಬೇಕಾಗುತ್ತಿತ್ತು. ಪೈಪು ಒಂದು ವಾರವೋ ಹತ್ತು ದಿನವೋ ಇತ್ತು, ನನಗೆ ಖಾತ್ರಿಯಿಲ್ಲ. ತೆಗೆದ ಮೇಲೆ ಸೋರಿತು. ಅವರು ಕುಸಿದರು. ಗಿರಣಿಗೆ ಹೋಗಲಿಲ್ಲ. ಫೋನಿನಲ್ಲಿ ನೀಲವ್ವ, "ನೀವ ಹೇಳಿದ್ದ ವ್ಯಾಯಾಮ ಮಾಡಾಕತ್ತಾರ, ಕುಂತಲ್ಲೆ ಮಾರಿ ಗಂಟ ಹಾಕ್ಕೊಂಡಿದ್ರ ಅದ ಅಂತ ನಮಗ ಗೊತ್ತಾಗತೈತಿ" ಎನ್ನುತ್ತಿದ್ದರು.

ಈ ಕಥೆ ಕೇಳಿ ಬಹಳ ಖುಷಿಪಟ್ಟವನು ನನ್ನ ಅಣ್ಣ. ಅವನಿಗೆ ಶಬ್ದ ಸಿಕ್ಕರೆ ಊಟ ಬೇಡ.

"ನರ ಅಂದ್ರ ಮನುಷ್ಯ ಅಂತನೂ ಅರ್ಥ ಅದನ" ಎಂದ. "ನರ ಬ್ಯಾರೆ, ನಾರಾಯಣ ಬ್ಯಾರೆ. ನಿಮ್ಮ ಡಾಕ್ಟರು ನರ ಉಳಸ್ತೇವಿ ಅಂದದ್ದು ಬರೋಬರಿ ಅದ. ನಾರಾಯಣಗ ಇವರ ಮದತ್ ಬೇಕಿಲ್ಲ."

"ಶೇಷಣ್ಣ, ಆ ರಕ್ತ ಪರೀಕ್ಷಾ ಮಾಡಿಸಿದೇನು?" ಎಂದೆ.

"ಇದು ಪ್ರಶ್ನಿ ಅಲ್ಲ, ಆಜ್ಞಾ. ವ್ಯಾಕರಣದಾಗ ಎರಡೂ ಬ್ಯಾರೆ" ಎಂದ. ಫೋನ್ ವೈನಿಯ, ಅಂದರೆ ಅತ್ತಿಗೆಯ, ಕೈಗೆ ಹೋಯಿತು.

ನಿವೃತ್ತಿಗೆ ಸ್ವಲ್ಪ ಮೊದಲು, ಹಾನಗಲ್ಲಿನ ಕೋಣೆಯ ಮುಂದೆ ಮಲ್ಲೇಶಪ್ಪನವರು ವ್ಯಾನಿನಿಂದ ನಾವು ಇಳಿಯುವುದನ್ನೇ ಕಾಯುತ್ತಿದ್ದರು. ಬಿಳಿ ಧೋತರ. ಬೇಸಿಗೆಯ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬಿಳಿ. ಡಾಕ್ಟರು ಒಳಗೆ ಕರೆದು ಹೇಗಿದ್ದೀರಿ ಎಂದರೆ "ಆರಾಮ ರೀ" ಎಂದರು. ಈ ಸಲ ಡಾಕ್ಟರೂ "ನಾವೂ ಆರಾಮ" ಎಂದರು. ರಕ್ತ ಪರೀಕ್ಷೆಯಲ್ಲಿ ಕ್ಯಾನ್ಸರಿನ ಸುಳಿವಿರಲಿಲ್ಲ. ಇನ್ನೂ ವರ್ಷಗಟ್ಟಲೆ ನೋಡುತ್ತಿರಬೇಕು, ಅದನ್ನೂ ಹೇಳಿದೆವು. ಕೆಮ್ಮಿದಾಗ, ಚೀಲ ಎತ್ತಿದಾಗ ಒಂದೆರಡು ಹನಿ ಅಷ್ಟೇ ಎಂದರು. "ಚೀಲ ಎತ್ತಾಕ ಹಮಾಲರು ಅದಾರ, ನೀವ್ಯಾಕ ಎತ್ತತೀರಿ" ಎಂದು ಗದರಿದೆ. ಬೆಂಚಿನಿಂದ ಏಳುವಾಗ ಅವರು ಹಿಂದೆ ತಿರುಗಿ ಧೋತರ ನೋಡಿಕೊಳ್ಳಲಿಲ್ಲ. ಅದನ್ನು ನಾನು ಗಮನಿಸಿದೆ. ಈ ಕೆಲಸದಲ್ಲಿ ಗುಣವಾಯಿತೆಂದು ತಿಳಿಯುವುದು ಹಾಗೆ.

ಗಂಡಹೆಂಡಿರ ವಿಷಯ ಏನಾಯಿತೆಂದು ನಾನು ಕೇಳಲಿಲ್ಲ. ನೀಲವ್ವ ತಾವಾಗಿಯೇ, "ಮೊಣಕಾಲ ನೋವು ಕಡಿಮಿ ಐತ್ರೀ" ಎಂದು ನಕ್ಕರು. ಅದಕ್ಕೆ ನಾನು ಇಲ್ಲಿ ಅರ್ಥ ಹಚ್ಚುವುದಿಲ್ಲ.

ಹೊರಡುವಾಗ ಮಲ್ಲೇಶಪ್ಪನವರು ನಿಂತು ಕೇಳಿದರು: "ಬಾಯಾರ, ನಿಮ್ಮ ಅಪ್ಪಾರದು ಹೇಳಿದ್ರಿ. ಅಣ್ಣಾರು ಒಬ್ರು ಅದಾರಂದಿದ್ರಿ. ಅವರದ ನೋಡಸೀರೇನು?"

"ಹೇಳೇನ್ರೀ" ಎಂದೆ.

"ಹೇಳೂದಲ್ಲ" ಎಂದರು. "ನನಗೂ ಹೇಳಿದ್ದ ಹೇಳಿದ್ರು. ನೀವು ಗಿರಣೀಗೆ ಬಂದ ಮ್ಯಾಲೆ ತಿಳೀತು."

ಆ ಮಾತನ್ನು ಹೊತ್ತುಕೊಂಡು ಮುಂದಿನ ಭಾನುವಾರ ಸವಣೂರಿಗೆ ಹೋದೆ. ಊಟವಾದ ಮೇಲೆ ಅಣ್ಣನ ಎದುರಿಗೇ ಕೂತು, ಶಬ್ದ, ವ್ಯಾಕರಣ ಏನೂ ಬೇಡ ಎಂದು ಹೇಳಿ, ಅಪ್ಪನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದವರು ನಾವಿಬ್ಬರೇ ಎಂದು ನೆನಪಿಸಿದೆ. ಅವನು ಶ್ಲೇಷೆ ಮಾಡಲಿಲ್ಲ. ಎದ್ದು ಹೋಗಿ ತುಳಸಿಗೆ ನೀರು ಹಾಕಿದ. ಬೆಳಗ್ಗೆಯೇ ಹಾಕಿದ್ದನೆಂದು ವೈನಿ ಆಮೇಲೆ ಹೇಳಿದರು.

ಈಗ ನಾನು ನಿವೃತ್ತಳಾಗಿ ಹಾನಗಲ್ಲಿನಲ್ಲಿದ್ದೇನೆ. ಮೊನ್ನೆ ಇದನ್ನು ಬರೆಯುತ್ತ ಕೂತಿದ್ದಾಗ ವೈನಿಯ ಫೋನ್ ಬಂತು. ಉಪ್ಪಿನಕಾಯಿ, ಸೊಸೆ, ನೀರು ಬಿಡುವ ಹೊತ್ತು ಎಲ್ಲ ಮಾತಾಡಿದ ಮೇಲೆ ಧ್ವನಿ ತಗ್ಗಿಸಿ ಕೇಳಿದರು:

"ಅಲ್ಲಾ, ಆ ಗಂಡಸರ ರಕ್ತ ಪರೀಕ್ಷಾ ಅದ ಅಲಾ, ಅದಕ್ಕ ಖಾಲಿ ಹೊಟ್ಟೀಲೆ ಹೋಗಬೇಕೇನು? ನಾಳೆ ಏಕಾದಶಿ, ಹೆಂಗೂ ಉಪಾಸ ಇರ್ತದ."

"ಉಪಾಸ ಬೇಕಿಲ್ಲ ವೈನಿ, ಊಟಾ ಮಾಡಿ ಹೋದ್ರೂ ನಡೀತದ" ಎಂದೆ. ಅವರ ಹಿಂದೆ ಯಾರೋ ಗಂಟಲು ಸರಿಪಡಿಸಿಕೊಂಡ ಸದ್ದು ಕೇಳಿಸಿತು, ಅಥವಾ ಕೇಳಿಸಿತೆಂದು ನನಗನ್ನಿಸಿತು. "ಯಾರ ಸಲುವಾಗಿ ಕೇಳ್ಲಿಕ್ಕೆ ಹತ್ತೀರಿ?"

"ತಡಿ, ಹಾಲು ಉಕ್ಕಲಿಕ್ಕೆ ಹತ್ತೇದ" ಎಂದು ಅವರು ಫೋನ್ ಇಟ್ಟರು.

ಏಕಾದಶಿ ಮುಗಿದು ದ್ವಾದಶಿಯೂ ಆಯಿತು. ಉತ್ತರ ಇನ್ನೂ ಬಂದಿಲ್ಲ.